ಸಿಲೊಸೊ ಕೋಟೆ: ತೋಪಿನ ಹಿಂದೆ ನಿಂತು ನೋಡುವವರಿಗೆ

ಸಿಂಗಪುರಕ್ಕೆ ಹೊರಟವರು ಕೇಳುವುದು ಹೆಚ್ಚುಕಮ್ಮಿ ಇವನ್ನೇ. ಸೆಂಟೋಸಾ ದ್ವೀಪದಲ್ಲಿ ಯುದ್ಧಕಾಲದ ತೋಪುಗಳ ಕೋಟೆ ಇದೆಯಂತೆ, ನೋಡುವಂಥದ್ದಾ? ಟಿಕೆಟ್ ಎಷ್ಟು? ನಮ್ಮ ಪ್ಯಾಕೇಜಿನಲ್ಲಿ ಅದರ ಹೆಸರೇ ಇಲ್ಲ, ನಾವಾಗಿಯೇ ಹೋಗಬಹುದಾ? ಅಪ್ಪ ಅಮ್ಮನಿಗೆ ಹತ್ತಲು ಆಗುತ್ತಾ?

ಖಂಡಿತ ನೋಡುವಂಥದ್ದು. ಕೋಟೆಗೆ ಟಿಕೆಟ್ ಇಲ್ಲ. ನೀವಾಗಿಯೇ ಹೋಗುವುದೇ ಒಳ್ಳೆಯದು. ಹತ್ತುವ ಕೆಲಸವನ್ನು ಬಹುಪಾಲು ಲಿಫ್ಟ್ ಮಾಡಿಕೊಡುತ್ತದೆ. ಆದರೂ ಅಲ್ಲಿಗೆ ಹೋದವರಲ್ಲಿ ಅನೇಕರು ಒಂದು ತೋಪಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಇಳಿದುಬಿಡುತ್ತಾರೆ. ತೋಪು ಎಲ್ಲಿ ನೋಡಿದರೂ ತೋಪೇ. ಅದು ಯಾವ ನೀರನ್ನು ಕಾಯುತ್ತಿತ್ತು, ಗುಂಡು ಅದರ ಬಾಯಿಗೆ ಯಾವ ದಾರಿಯಲ್ಲಿ ಬರುತ್ತಿತ್ತು, ಗುರಿ ಹೇಳುತ್ತಿದ್ದವರು ಎಲ್ಲಿ ಕೂತಿದ್ದರು ಎಂದು ತಿಳಿದರೆ ಮಾತ್ರ ಕೋಟೆ ಅರ್ಥವಾಗುತ್ತದೆ. ಅದಕ್ಕೇ ಈ ಲೇಖನದ ಉದ್ದಕ್ಕೂ ಹೇಳುವುದು ಒಂದೇ: ತೋಪಿನ ಹಿಂದೆ ನಿಲ್ಲಿ, ಅದು ನೋಡುವ ಕಡೆಗೆ ನೀವೂ ನೋಡಿ.

ಮೊದಲಿಗೆ ಒಂದು ಪದ. ಅಲ್ಲಿನ ಫಲಕಗಳಲ್ಲಿ ‘ಬ್ಯಾಟರಿ’ ಎಂದು ಪದೇ ಪದೇ ಬರುತ್ತದೆ. ಒಬ್ಬನೇ ಅಧಿಕಾರಿಯ ಅಪ್ಪಣೆಗೆ ಗುಂಡು ಹಾರಿಸುವ ತೋಪುಗಳ ಗುಂಪು, ಅವುಗಳ ಮದ್ದಿನಮನೆ, ಗುರಿ ನೋಡುವ ಗೋಪುರ, ರಾತ್ರಿ ಕಡಲ ಮೇಲೆ ಬೆಳಕು ಚೆಲ್ಲುವ ಸರ್ಚ್‌ಲೈಟು, ಇವೆಲ್ಲ ಸೇರಿದರೆ ಒಂದು ಬ್ಯಾಟರಿ. ಕಡಲ ಕಡೆಯಿಂದ ಬರುವ ಹಡಗುಗಳನ್ನು ತಡೆಯಲು ದಡದಲ್ಲಿ ಕಟ್ಟಿದ್ದು ಕರಾವಳಿ ಬ್ಯಾಟರಿ. ಸಿಲೊಸೊ ಅಂಥದ್ದು.

1. ಹೊರಡುವ ಮೊದಲು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸಿಂಗಪುರದ ವೀಸಾ ಬೇಕು. ಅದು ಮಾನ್ಯತೆ ಪಡೆದ ಏಜೆಂಟರ ಮೂಲಕ ಆಗುವ ಕೆಲಸ. ಇದಲ್ಲದೆ ‘ಎಸ್‌ಜಿ ಅರೈವಲ್ ಕಾರ್ಡ್’ ಎಂಬ ಆನ್‌ಲೈನ್ ಅರ್ಜಿಯೂ ಇದೆ. ಅದನ್ನು ಸಿಂಗಪುರ ತಲುಪುವ ದಿನವೂ ಸೇರಿ ಕೊನೆಯ ಮೂರು ದಿನಗಳೊಳಗೆ ತುಂಬಬೇಕು. ಎಚ್ಚರಿಕೆ: ಈ ಅರ್ಜಿಗೆ ಶುಲ್ಕವೇ ಇಲ್ಲ. ಹುಡುಕಾಟದಲ್ಲಿ ಮೇಲೆ ಕಾಣುವ ಕೆಲವು ಜಾಲತಾಣಗಳು ಸರ್ಕಾರದ್ದೇ ಎನ್ನುವಂತೆ ವೇಷ ಹಾಕಿ ದುಡ್ಡು ಕೇಳುತ್ತವೆ. ಹಣ ಪಾವತಿಸುವ ಪುಟ ಬಂತೆಂದರೆ ತಪ್ಪು ಜಾಗಕ್ಕೆ ಬಂದಿದ್ದೀರಿ ಎಂದೇ ಅರ್ಥ.

ಸಿಂಗಪುರದ ಮೆಟ್ರೊಗೆ ಅಲ್ಲಿ ಎಂಆರ್‌ಟಿ ಎನ್ನುತ್ತಾರೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ, ತಾಗಿಸಿದರೆ ಸಾಕು ಎನ್ನುವ ಬ್ಯಾಂಕ್ ಕಾರ್ಡಿದ್ದರೆ ನೇರವಾಗಿ ಗೇಟಿಗೆ ತಾಗಿಸಿ ಒಳಹೋಗಬಹುದು. ಇಲ್ಲಿಂದ ಹೊರಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆಯನ್ನೂ ‘ಟ್ಯಾಪ್’ ಸೌಲಭ್ಯವನ್ನೂ ತೆರೆದಿಡಿ. ಎಷ್ಟೋ ಜನ ಇದನ್ನು ಮರೆತು ಗೇಟಿನ ಮುಂದೆ ನಿಂತು ಒಟಿಪಿಗಾಗಿ ಕಾಯುತ್ತಾರೆ. ಹೊರದೇಶದ ಕಾರ್ಡಿಗೆ ದಿನಕ್ಕೆ ಸ್ವಲ್ಪ ಹೆಚ್ಚುವರಿ ಶುಲ್ಕ ಬೀಳುತ್ತದೆ. ನಾಲ್ಕೈದು ದಿನ ಇರುವವರು ಮೊದಲೇ ಹಣ ತುಂಬಿಡುವ ಅಲ್ಲಿನ ಈಝಿ-ಲಿಂಕ್ ಪ್ರಯಾಣ ಕಾರ್ಡ್ ಕೊಳ್ಳುವುದು ಲೇಸು.

ವೇಳೆ: ಬೆಳಿಗ್ಗೆ. ಕೋಟೆ ಸಾಮಾನ್ಯವಾಗಿ 10ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತದೆ. ಮೇಲೆ ಹೋಗುವ ಸ್ಕೈವಾಕ್ ಎಂಬ ಎತ್ತರದ ನಡಿಗೆದಾರಿ ಅದಕ್ಕಿಂತ ಮೊದಲೇ ತೆರೆದು ರಾತ್ರಿಯವರೆಗೂ ಇರುತ್ತದೆ. ಹಾಗಾಗಿ ಕೆಲವರು ಸಂಜೆ ಆರರ ಮೇಲೆ ಸ್ಕೈವಾಕ್ ಹತ್ತಿ ಮುಚ್ಚಿದ ಕೋಟೆಯ ಮುಂದೆ ಹೋಗಿ ನಿಲ್ಲುತ್ತಾರೆ. ಹೋಗುವ ಹಿಂದಿನ ದಿನ ಸೆಂಟೋಸಾದ ಅಧಿಕೃತ ಜಾಲತಾಣದಲ್ಲಿ ಸಮಯ ನೋಡಿಕೊಳ್ಳಿ. ಸಿಂಗಪುರ ಸಮಭಾಜಕದ ಪಕ್ಕದ ಊರು, ಮಧ್ಯಾಹ್ನದ ಮೇಲೆ ಸಿಡಿಲು ಮಳೆ ಸಾಮಾನ್ಯ. ಗುಡ್ಡದ ತುದಿಯ ಲೋಹದ ನಡಿಗೆದಾರಿಯಲ್ಲಿ ಸಿಡಿಲಿನ ಹೊತ್ತಿಗೆ ನಿಲ್ಲುವಂತಿಲ್ಲ.

ಕೈಯಲ್ಲಿ ನೀರು, ಟೋಪಿ, ಸೊಳ್ಳೆಗೆ ಹಚ್ಚುವ ಮುಲಾಮು, ಜಾರದ ಚಪ್ಪಲಿ ಅಥವಾ ಶೂ, ಒಂದು ಸಣ್ಣ ಟಾರ್ಚ್ ಇರಲಿ. ತಿಂಡಿಯನ್ನು ಚೀಲದ ಒಳಗಿಡಿ, ಅಲ್ಲಿ ಮಂಗಗಳಿವೆ. ಅವಕ್ಕೆ ತಿನ್ನಲು ಕೊಡುವುದು ಸಿಂಗಪುರದಲ್ಲಿ ದಂಡ ಬೀಳುವ ಅಪರಾಧ. ‘ಆಂಜನೇಯ, ಪಾಪ’ ಎಂದು ಬಾಳೆಹಣ್ಣು ಚಾಚುವ ಹಿರಿಯರಿಗೆ ಮೊದಲೇ ಹೇಳಿಡಿ.

2. ದ್ವೀಪಕ್ಕೆ ದಾಟುವುದು

ಎಂಆರ್‌ಟಿಯ ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನ್ ಅಥವಾ ಕಿತ್ತಳೆ ಬಣ್ಣದ ಸರ್ಕಲ್ ಲೈನ್ ಹಿಡಿದು ಹಾರ್ಬರ್‌ಫ್ರಂಟ್ ನಿಲ್ದಾಣದಲ್ಲಿ ಇಳಿಯಿರಿ. ಅದರ ಮೇಲೆಯೇ ವಿವೊಸಿಟಿ ಮಾಲ್. ಅಲ್ಲಿಂದ ಮೂರು ದಾರಿ.

ಮಾಲ್‌ನ 3ನೇ ಮಹಡಿಯಿಂದ ಸೆಂಟೋಸಾ ಎಕ್ಸ್‌ಪ್ರೆಸ್ ಎಂಬ ಪುಟ್ಟ ರೈಲು ಹೊರಡುತ್ತದೆ. ದ್ವೀಪ ಪ್ರವೇಶಕ್ಕೆ 4 ಸಿಂಗಪುರ ಡಾಲರ್. ಮರಳುವಾಗ ದುಡ್ಡಿಲ್ಲ. ಕೊನೆಯ ನಿಲ್ದಾಣವಾದ ಬೀಚ್ ಸ್ಟೇಷನ್‌ನಲ್ಲಿ ಇಳಿದು, ದ್ವೀಪದೊಳಗೆ ಓಡುವ ಉಚಿತ ಬಸ್ಸಿನಲ್ಲಿ ಸಿಲೊಸೊ ಪಾಯಿಂಟ್‌ಗೆ ಹೋಗಬೇಕು.

ಎರಡನೆಯದು ಕಾಲುದಾರಿ. ಮಾಲ್‌ನ ಹಿಂದಿನ ನೀರಂಚಿನಿಂದ ಸೆಂಟೋಸಾ ಬೋರ್ಡ್‌ವಾಕ್ ಹಿಡಿದರೆ ನಿಧಾನಕ್ಕೆ ಹದಿನೈದಿಪ್ಪತ್ತು ನಿಮಿಷದಲ್ಲಿ ದ್ವೀಪ. ಖರ್ಚಿಲ್ಲ. ಆ ಬದಿ ತಲುಪಿದ ಮೇಲೆ ಅದೇ ಪುಟ್ಟ ರೈಲಿನಲ್ಲಿ ದ್ವೀಪದೊಳಗೆ ಬಿಟ್ಟಿಯಾಗಿ ಓಡಾಡಬಹುದು.

ಮೂರನೆಯದು ಕೇಬಲ್ ಕಾರ್. ನೋಟ ಚೆನ್ನ, ಬೆಲೆ ಜೋರು. ಎಚ್ಚರಿಕೆ: ಕೇಬಲ್ ಕಾರ್‌ಗೆ ಎರಡು ಪ್ರತ್ಯೇಕ ಮಾರ್ಗಗಳಿವೆ. ಸಮುದ್ರ ದಾಟುವುದು ಒಂದು, ದ್ವೀಪದೊಳಗೆ ಓಡುವುದು ಇನ್ನೊಂದು. ಸಿಲೊಸೊ ಪಾಯಿಂಟ್ ನಿಲ್ದಾಣ ಇರುವುದು ಎರಡನೆಯದರಲ್ಲಿ. ಒಂದರ ಟಿಕೆಟ್ ಕೊಂಡು ಇನ್ನೊಂದರಲ್ಲಿ ಹತ್ತಲು ಹೋಗಿ ವಾದಕ್ಕಿಳಿಯಬೇಡಿ.

ಸಿಲೊಸೊ ಬೀಚ್ ಬೇರೆ, ಸಿಲೊಸೊ ಪಾಯಿಂಟ್ ಬೇರೆ. ಬಸ್ಸಿನಲ್ಲಿ ‘ಸಿಲೊಸೊ’ ಎಂದು ಕೇಳಿದ ಕೂಡಲೇ ಇಳಿದರೆ ಮರಳ ದಂಡೆಯಲ್ಲಿ ನಿಂತಿರುತ್ತೀರಿ. ಕೋಟೆ ಇರುವುದು ದ್ವೀಪದ ಪಶ್ಚಿಮ ತುದಿಯಲ್ಲಿ.

3. ಮೇಲೆ ಹತ್ತುವುದು

ಸಿಲೊಸೊ ಪಾಯಿಂಟ್‌ನಲ್ಲಿ ಇಳಿದರೆ ಸ್ಕೈವಾಕ್‌ನ ಗೋಪುರ ಕಣ್ಣೆದುರೇ ಇರುತ್ತದೆ. 2015ರಲ್ಲಿ ತೆರೆದ ಈ ನಡಿಗೆದಾರಿ ಹನ್ನೊಂದು ಮಹಡಿಯಷ್ಟು ಎತ್ತರ, 181 ಮೀಟರ್ ಉದ್ದ. ಲಿಫ್ಟ್ ಇದೆ, ಮೆಟ್ಟಿಲೂ ಇದೆ. ಮರಗಳ ನೆತ್ತಿಯ ಮೇಲೆ ನಡೆದು ನೇರ ಕೋಟೆಯ ಕಡೆ ಸೇರುತ್ತೀರಿ. ಗಾಲಿಕುರ್ಚಿಯವರೂ ಇಲ್ಲಿಯವರೆಗೆ ಸಲೀಸಾಗಿ ಬರಬಹುದು. ಕೋಟೆಯೊಳಗೆ ಮಾತ್ರ ಏರಿಳಿತದ ದಾರಿ, ಕೆಲವು ಸುರಂಗಗಳಿಗೆ ಮೆಟ್ಟಿಲು. ಮಂಡಿನೋವಿನವರು ಮೇಲಿನ ದಾರಿ, ದೊಡ್ಡ ತೋಪುಗಳು, ಶರಣಾಗತಿಯ ಪ್ರದರ್ಶನ ಇಷ್ಟು ನೋಡಿ ಕೆಳಗಿನ ಸುರಂಗಗಳನ್ನು ಬಿಟ್ಟರೂ ನಷ್ಟವಿಲ್ಲ.

ಒಟ್ಟು ಎರಡೂವರೆಯಿಂದ ಮೂರು ಗಂಟೆ ಇಟ್ಟುಕೊಳ್ಳಿ. ಮಕ್ಕಳಿದ್ದರೆ ಇನ್ನಷ್ಟು, ತೋಪು ಕಂಡ ಮಕ್ಕಳು ಬೇಗ ಬರುವುದಿಲ್ಲ.

4. ಮೊದಲು ನೀರು ನೋಡಿ

ಒಳಹೊಕ್ಕ ತಕ್ಷಣ ಪ್ರದರ್ಶನಗಳ ಕಡೆ ಓಡಬೇಡಿ. ಸ್ಕೈವಾಕ್‌ನಲ್ಲೇ, ಅಥವಾ ಕೋಟೆಯಲ್ಲಿ ಮರಗಳು ದಾರಿ ಬಿಟ್ಟಲ್ಲಿ ನಿಂತು ಕೆಳಗಿನ ಕಡಲ ಕಾಲುವೆಯನ್ನು ಹುಡುಕಿ. ಎದುರು ದಡದಲ್ಲಿ ಹಸಿರಾಗಿ ಕಾಣುವುದು ಲ್ಯಾಬ್ರಡಾರ್ ಎಂಬ ದಿಬ್ಬ. ಇದಕ್ಕೂ ಅದಕ್ಕೂ ನಡುವಿನ ಇಕ್ಕಟ್ಟಾದ ನೀರೇ ಸಿಂಗಪುರದ ಕೆಪೆಲ್ ಬಂದರಿನ ಪಶ್ಚಿಮ ಬಾಗಿಲು. ಈ ಕೋಟೆ ಹುಟ್ಟಿದ್ದೇ ಆ ಬಾಗಿಲಿಗಾಗಿ.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಯುರೋಪಿನಿಂದ ಚೀನಾದ ಕಡೆ ಹೋಗುವ ಉಗಿ ಹಡಗುಗಳು ಕಲ್ಲಿದ್ದಲು ತುಂಬಿಕೊಳ್ಳಲು ಸಿಂಗಪುರಕ್ಕೆ ಬರತೊಡಗಿದವು. ಬಂದರನ್ನೂ ಕಲ್ಲಿದ್ದಲ ರಾಶಿಯನ್ನೂ ಕಾಯಬೇಕಾಯಿತು. 1870ರ ದಶಕದಲ್ಲಿ ಎಡ್ವರ್ಡ್ ಲೇಕ್ ಎಂಬ ಬ್ರಿಟಿಷ್ ಎಂಜಿನಿಯರ್ ಅಧಿಕಾರಿ ಈ ದ್ವೀಪದ ಸಿಲೊಸೊ ಮತ್ತು ಸೆರಪಾಂಗ್ ಗುಡ್ಡಗಳ ಮೇಲೆ ಕೋಟೆ ಬೇಕೆಂದ. ಆಗ ದ್ವೀಪದ ಹೆಸರು ಪುಲಾವ್ ಬ್ಲಾಕಾಂಗ್ ಮಾಟಿ, ಸೆಂಟೋಸಾ ಎಂಬುದು ನಂತರ ಬಂದದ್ದು. ತೋಪು ನಿಲ್ಲಿಸಲು ಸಮತಟ್ಟು ಜಾಗ ಬೇಕೆಂದು ಸಿಲೊಸೊ ಗುಡ್ಡದ ನೆತ್ತಿಯನ್ನೇ ಸಿಡಿಸಿ ಹಾರಿಸಿದರು. ನೀವು ನಡೆಯುವ ತಟ್ಟುಗಳು ಹಾಗೆ ಆದವು. ಎದುರಿನ ಲ್ಯಾಬ್ರಡಾರ್ ದಿಬ್ಬದ ಮೇಲೂ ಅದೇ ಕಾಲಕ್ಕೆ ಇನ್ನೊಂದು ಕೋಟೆ ಎದ್ದಿತು. ಬಾಗಿಲಿನ ಎರಡೂ ಕಡೆ ಕಾವಲು.

ಈ ನಕ್ಷೆ ತಲೆಯಲ್ಲಿ ಕೂತರೆ ಉಳಿದದ್ದಕ್ಕೆ ಗೈಡ್ ಇಲ್ಲದಿದ್ದರೂ ನಡೆಯುತ್ತದೆ.

5. ಮದ್ದಿನಮನೆಯಿಂದ ಶುರು ಮಾಡಿ

ಎಲ್ಲರೂ ತೋಪಿನಿಂದ ಶುರು ಮಾಡುತ್ತಾರೆ. ನೀವು ಸುರಂಗದಿಂದ ಶುರು ಮಾಡಿ, ಗುಂಡು ಹೋದ ದಾರಿಯಲ್ಲೇ ನೀವೂ ಹೋಗಿ.

ನೆಲದಡಿಯ ಕೋಣೆಗಳಲ್ಲಿ ಎರಡು ಬಗೆಯ ಸರಕು ಇರುತ್ತಿತ್ತು. ಸಿಡಿಯುವ ಗುಂಡು ಒಂದು ಕಡೆ. ಅದನ್ನು ತಳ್ಳುವ ಮದ್ದು ಇನ್ನೊಂದು ಕಡೆ, ಬಟ್ಟೆಯ ಚೀಲಗಳಲ್ಲಿ. ಎರಡನ್ನೂ ಒಂದೇ ಕೋಣೆಯಲ್ಲಿ ಇಡುವುದಿಲ್ಲ. ವಿಕ್ಟೋರಿಯಾ ಕಾಲದ ಬ್ರಿಟಿಷ್ ಮದ್ದಿನಮನೆಗಳಲ್ಲಿ ದೀಪವನ್ನು ಕೋಣೆಯೊಳಗೆ ತರುತ್ತಲೇ ಇರಲಿಲ್ಲ. ಗೋಡೆಯಲ್ಲಿ ಗೂಡು ಕೊರೆದು, ಗಾಜು ಹಾಕಿ, ಆಚೆ ಬದಿಯ ಓಣಿಯಿಂದ ದೀಪ ಇಡುತ್ತಿದ್ದರು. ಒಳಹೋಗುವವರು ಬಾಗಿಲ ಬಳಿಯ ಕೋಣೆಯಲ್ಲಿ ಬೂಟು ಬಿಚ್ಚಿ, ಕಿಡಿ ಹಾರದ ಮೆತ್ತನೆಯ ಪಾದರಕ್ಷೆ ಹಾಕಿಕೊಳ್ಳಬೇಕಿತ್ತು. ಬೂಟಿನ ಅಡಿಯ ಕಬ್ಬಿಣದ ಮೊಳೆ ಕಲ್ಲಿಗೆ ತಾಗಿದರೆ ಸಾಕು, ಗುಡ್ಡವೇ ಹೋದೀತು. ಇಂಥ ಗೋಡೆಗೂಡುಗಳನ್ನು, ಗುಂಡು ಮೇಲೆತ್ತುವ ಕಿಂಡಿಗಳನ್ನು ಮಕ್ಕಳಿಗೆ ಹುಡುಕಲು ಹೇಳಿ. ಟಾರ್ಚ್ ಹೇಳಿದ್ದು ಇದಕ್ಕೇ.

ಎಚ್ಚರಿಕೆ: ಸುರಂಗದ ನೆಲ ಒದ್ದೆಯಾಗಿ ಜಾರುತ್ತದೆ, ಗಾಳಿ ಕಡಿಮೆ. ಮುಚ್ಚಿದ ಜಾಗ ಕಂಡರೆ ದಿಗಿಲಾಗುವವರು ಹೊರಗೇ ಉಳಿಯಿರಿ. ಬೀಗ ಹಾಕಿದ, ಸರಪಳಿ ಕಟ್ಟಿದ ಬಾಗಿಲುಗಳ ಒಳಗೆ ಇಣುಕಿ ಫೋನ್ ತೂರಿಸಬೇಡಿ.

ಸುರಂಗದ ಸುತ್ತಮುತ್ತ ಸೈನಿಕರ ದಿನಚರಿ ತೋರಿಸುವ ಗೊಂಬೆಗಳಿವೆ. ಬ್ಯಾರಕ್ಕು, ಅಡುಗೆಮನೆ, ದರ್ಜಿ, ಅಗಸ ಹೀಗೆ. ಕೆಲವು ಗೊಂಬೆಗಳ ಮುಖ ನೋಡಿದರೆ ನಗು ಬರುತ್ತದೆ. ಆದರೂ ಅಡುಗೆಯವರು, ಬಟ್ಟೆ ಒಗೆಯುವವರು ಯಾರು ಎಂದು ಗಮನಿಸಿ. ಕೋಟೆ ನಡೆದದ್ದು ಬ್ರಿಟಿಷ್ ಗೋಲಂದಾಜರಿಂದ, ಅಂದರೆ ತೋಪು ಹಾರಿಸುವ ಸೈನಿಕರಿಂದ, ಮಾತ್ರವಲ್ಲ. ‘ಹಾಂಗ್‌ಕಾಂಗ್ ಮತ್ತು ಸಿಂಗಪುರ ರಾಯಲ್ ಆರ್ಟಿಲರಿ’ ಎಂಬ ಫಿರಂಗಿ ದಳದಲ್ಲಿ ಇದ್ದವರು ಹೆಚ್ಚಿನಂಶ ಸಿಖ್ಖರು ಮತ್ತು ಪಂಜಾಬಿ ಮುಸ್ಲಿಮರು. ಪೂರ್ವದ ಬ್ರಿಟಿಷ್ ಬಂದರುಗಳ ಕಾವಲಿಗೆ ಭಾರತದಿಂದ ಜನ ಹೋಗುವುದು ಹಳೆಯ ರೂಢಿ.

6. ಈಗ ತೋಪು

ತೋಪಿನ ಪಕ್ಕದ ಫಲಕದಲ್ಲಿ ಮೂರು ಸಂಗತಿ ಓದಿದರೆ ಸಾಕು.

ಮೊದಲನೆಯದು ಅಳತೆ. ‘6 ಇಂಚು’ ಎಂದರೆ ನಳಿಗೆಯ ಒಳವ್ಯಾಸ. ಆ ತೋಪಿನ ಒಂದು ಗುಂಡು ಸುಮಾರು 45 ಕಿಲೊ, ಅಕ್ಕಿಯ ಮೂಟೆಯ ಲೆಕ್ಕ. ಅದನ್ನು ನಿಮಿಷಕ್ಕೆ ಹಲವು ಬಾರಿ ಎತ್ತಿ ತುಂಬಬೇಕು ಎಂಬುದನ್ನು ನೆನೆಯಿರಿ. ‘12 ಪೌಂಡರ್’, ‘64 ಪೌಂಡರ್’ ಎಂದಿದ್ದರೆ ಅಲ್ಲಿ ಹೇಳುತ್ತಿರುವುದು ಗುಂಡಿನ ತೂಕ.

ಎರಡನೆಯದು ಗುಂಡು ತುಂಬುವ ಬಗೆ. ಹಳೆಯ 7 ಇಂಚಿನ ತೋಪುಗಳಿಗೆ ಬಾಯಿಯಿಂದಲೇ ಮದ್ದು, ಗುಂಡು ತುರುಕಬೇಕು. ಅಂದರೆ ಪ್ರತಿ ಬಾರಿಯೂ ಜನ ಮುಂದೆ ಬರಬೇಕು, ಶತ್ರುವಿನ ಕಣ್ಣಿಗೆ ಬೀಳಬೇಕು. ನಂತರದವು ಬುಡದಿಂದ ತುಂಬುವಂಥವು, ಬುಡದಲ್ಲಿ ತಿರುಗಿಸಿ ಮುಚ್ಚುವ ದಪ್ಪ ಉಕ್ಕಿನ ಬಾಗಿಲಿರುತ್ತದೆ. ಒಂದೇ ಗುಡ್ಡದಲ್ಲಿ ಎರಡೂ ಬಗೆ ನೋಡಲು ಸಿಗುವುದು ಸಿಲೊಸೊದ ಹೆಚ್ಚುಗಾರಿಕೆ.

ಮೂರನೆಯದು ಕೆಲಸ. 6 ಇಂಚಿನವು ದೊಡ್ಡ ಹಡಗಿಗೆ. ಚಿಕ್ಕ 12 ಪೌಂಡರ್‌ಗಳು ಕತ್ತಲಲ್ಲಿ ನುಗ್ಗಿಬರುವ ಟಾರ್ಪೆಡೊ ದೋಣಿಗಳಿಗೆ, ಅದಕ್ಕೇ ಅವು ಬೇಗಬೇಗ ಹಾರಿಸಬಲ್ಲಂಥವು. ದೋಣಿ ಕಾಣಬೇಕಲ್ಲ, ಅದಕ್ಕೆ ಸರ್ಚ್‌ಲೈಟು.

ತೋಪಿನವನಿಗೆ ದೂರದ ಹಡಗಿನ ಅಳತೆ ತಾನಾಗಿ ತಿಳಿಯದು. ಎತ್ತರದ ಗೋಪುರದಲ್ಲಿ ಕೂತವರು ದುರ್ಬೀನಿನಂಥ ಉಪಕರಣದಲ್ಲಿ ಹಡಗಿನ ನೀರಗೆರೆಯನ್ನು ಹಿಡಿಯುತ್ತಾರೆ. ತಾವು ಸಮುದ್ರದಿಂದ ಎಷ್ಟು ಎತ್ತರದಲ್ಲಿದ್ದೇವೆಂದು ಅವರಿಗೆ ಗೊತ್ತು, ಎಷ್ಟು ಕೋನ ಕೆಳಗೆ ನೋಡುತ್ತಿದ್ದೇವೆಂದು ಉಪಕರಣ ಹೇಳುತ್ತದೆ. ಇವೆರಡರಿಂದ ದೂರ ಸಿಗುತ್ತದೆ. ಹತ್ತನೇ ತರಗತಿಯ ತ್ರಿಕೋನಮಿತಿ ಅಷ್ಟೇ. ಆ ದೂರ, ಹಡಗಿನ ವೇಗ, ಗಾಳಿ ಎಲ್ಲ ಲೆಕ್ಕಹಾಕಿ ತೋಪಿಗೆ ಆದೇಶ ಹೋಗುತ್ತದೆ. ಗುಡ್ಡದ ಮೇಲಿನ ಆದೇಶ ಕೊಠಡಿ ಮತ್ತು ಗುರಿಗೋಪುರವನ್ನು ‘ಏನೋ ಹಳೇ ಕಟ್ಟಡ’ ಎಂದು ದಾಟಿಹೋಗುವವರೇ ಹೆಚ್ಚು. ಬ್ಯಾಟರಿಯ ಬುದ್ಧಿ ಇದ್ದದ್ದು ಅಲ್ಲಿ.

ಎಚ್ಚರಿಕೆ: ಇಲ್ಲಿ ಕಾಣುವ ತೋಪುಗಳೆಲ್ಲ 1942ರಲ್ಲಿ ಇದೇ ಜಾಗದಲ್ಲಿ ಇದ್ದವಲ್ಲ. ಸಿಂಗಪುರದ ಬೇರೆ ಬೇರೆ ಕಡೆ ಸಿಕ್ಕ ಹಲವು ಕಾಲದ ತೋಪುಗಳನ್ನು ಇಲ್ಲಿಗೆ ತಂದು ಕೂರಿಸಿದ್ದಾರೆ. ಹಾಗಾಗಿ ‘ಈ ತೋಪೇ ಜಪಾನೀಯರ ಮೇಲೆ ಹಾರಿಸಿದ್ದು’ ಎಂದು ಮಕ್ಕಳಿಗೆ ಹೇಳುವ ಮೊದಲು ಫಲಕ ಓದಿ. ಇದರಿಂದ ಕೋಟೆಯ ಬೆಲೆ ಕಮ್ಮಿಯಾಗುವುದಿಲ್ಲ. ಗುಡ್ಡ, ಸುರಂಗ, ತೋಪುಗಟ್ಟೆಗಳು ಅಸಲಿ. 2022ರ ಫೆಬ್ರವರಿ 15ರಂದು, ಸಿಂಗಪುರ ಬಿದ್ದು 80 ವರ್ಷ ತುಂಬಿದ ದಿನ, ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು.

ತೋಪುಗಳ ಮೇಲೆ ಮಕ್ಕಳನ್ನು ಕೂರಿಸಿ ಫೋಟೊ ತೆಗೆಯಬೇಡಿ. ಬಿಸಿಲಿಗೆ ಕಾದ ಕಬ್ಬಿಣ ತೊಡೆ ಸುಡುತ್ತದೆ, ಅದು ಒಂದು. ಸ್ಮಾರಕ ಎಂಬುದು ಇನ್ನೊಂದು.

7. ‘ತಪ್ಪು ದಿಕ್ಕಿಗೆ ತಿರುಗಿದ ತೋಪು’ಗಳ ಕತೆ

ಟ್ಯಾಕ್ಸಿಯವರಿಂದ ಹಿಡಿದು ಪ್ರವಾಸಿ ವಿಡಿಯೊಗಳವರೆಗೆ ಎಲ್ಲರೂ ಹೇಳುವ ಕತೆ ಇದು: ಬ್ರಿಟಿಷರು ದಡ್ಡರು, ತೋಪುಗಳನ್ನೆಲ್ಲ ಸಮುದ್ರದ ಕಡೆಗೆ ನೆಟ್ಟು ಕೂತರು, ಜಪಾನೀಯರು ಹಿಂಬಾಗಿಲಿನಿಂದ ಬಂದರು, ತೋಪು ತಿರುಗಲೇ ಇಲ್ಲ. ಕೇಳಲು ರುಚಿ. ಆದರೆ ಅರ್ಧ ಮಾತ್ರ ನಿಜ.

ಜಪಾನೀಯರು ಉತ್ತರದಿಂದ ಬಂದದ್ದು ಹೌದು. 1941ರ ಡಿಸೆಂಬರ್ 8ರಂದು ಮಲಯಾದ ಕೋಟಾ ಬಾರುವಿನಲ್ಲಿ ಇಳಿದು, ಪರ್ಯಾಯದ್ವೀಪದ ಉದ್ದಕ್ಕೂ ನುಗ್ಗಿ, 1942ರ ಫೆಬ್ರವರಿ 8ರ ರಾತ್ರಿ ಸಿಂಗಪುರದ ವಾಯುವ್ಯ ದಡಕ್ಕೆ ದಾಟಿದರು. ಒಂದು ವಾರದಲ್ಲಿ, ಫೆಬ್ರವರಿ 15ರಂದು, ಎಲ್ಲ ಮುಗಿಯಿತು.

ಆಗ ಸಿಂಗಪುರದಲ್ಲಿ ದೊಡ್ಡ ಕರಾವಳಿ ತೋಪುಗಳು ಎಷ್ಟಿದ್ದವು? 15 ಇಂಚಿನವು ಐದು, 9.2 ಇಂಚಿನವು ಆರು, 6 ಇಂಚಿನವು ಹದಿನೆಂಟು. ಸಿಲೊಸೊದಲ್ಲಿ 6 ಇಂಚಿನವು ಎರಡು, ಎದುರಿನ ಲ್ಯಾಬ್ರಡಾರ್‌ನಲ್ಲೂ ಎರಡು. 15 ಇಂಚಿನ ಐದರಲ್ಲಿ ಮೂರು ಚಾಂಗಿಯ ಬಳಿಯ ಜೊಹೋರ್ ಬ್ಯಾಟರಿಯಲ್ಲಿ, ಎರಡು ಬುವೊನ ವಿಸ್ತದಲ್ಲಿ. ಬುವೊನ ವಿಸ್ತದವು ನೆಲದ ಕಡೆ ತಿರುಗಲಾರದವು, ಅದು ನಿಜ. ಜೊಹೋರ್ ಬ್ಯಾಟರಿಯ ಮೂರರಲ್ಲಿ ಎರಡು ತಿರುಗಿದವು, ಹಾರಿಸಿದವು. ಇದೇ ದ್ವೀಪದ ಕನಾಟ್ ಬ್ಯಾಟರಿಯ 9.2 ಇಂಚಿನವೂ ನಗರದ ತಲೆಯ ಮೇಲಿಂದ ಉತ್ತರಕ್ಕೆ ಹಾರಿಸಿದವು. ಸಿಲೊಸೊದ ತೋಪುಗಳನ್ನೂ ಒಳನಾಡಿನ ಕಡೆ ತಿರುಗಿಸಿದರು.

ಹಾಗಾದರೆ ಸೋತದ್ದೇಕೆ? ಕಾರಣ ಗುಂಡಿನಲ್ಲಿತ್ತು. ಕರಾವಳಿ ತೋಪಿಗೆ ಕೊಡುವುದು ಉಕ್ಕು ಭೇದಿಸುವ ಗುಂಡು. ಹಡಗಿನ ದಪ್ಪ ತಗಡನ್ನು ತೂತು ಮಾಡಿ ಒಳಹೊಕ್ಕು ಸಿಡಿಯುವಂಥದ್ದು. ಅದನ್ನು ರಬ್ಬರ್ ತೋಟದ ಮೆತ್ತನೆಯ ಮಣ್ಣಿಗೆ ಹೊಡೆದರೆ ಆಳಕ್ಕೆ ಇಳಿದು ಹೂತುಹೋಗುತ್ತದೆ. ಪಕ್ಕದಲ್ಲಿದ್ದ ಸೈನಿಕನಿಗೆ ಮೈಮೇಲೆ ಮಣ್ಣು ಬಿದ್ದದ್ದೇ ಬಂತು. ಬಯಲಲ್ಲಿರುವ ಸೈನ್ಯದ ಮೇಲೆ ಬೇಕಾದದ್ದು ತಾಗಿದೊಡನೆ ಸಿಡಿದು ಚೂರು ಚೆಲ್ಲುವ ಗುಂಡು. ಅದು ಇದ್ದದ್ದು ಕೆಲವೇ. ಎರಡನೆಯ ತೊಡಕು ಕಣ್ಣು. ಸಮುದ್ರದ ಮೇಲೆ ಹಡಗು ಅಡಗಲಾರದು, ಮೇಲೆ ಹೇಳಿದ ಗೋಪುರದ ಲೆಕ್ಕ ನಡೆಯುತ್ತದೆ. ಮರಗಳ ನಡುವೆ ನುಸುಳುವ ಸೈನ್ಯಕ್ಕೆ ಆ ಲೆಕ್ಕ ಎಲ್ಲಿಂದ? ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವವರೂ ಇರಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಈ ತೋಪುಗಳು ತಮ್ಮ ಕೆಲಸವನ್ನು ಮಾಡಿದವು. ಸಮುದ್ರದ ಮುಂಬಾಗಿಲಿನಿಂದ ಜಪಾನೀಯರು ಬರಲೇ ಇಲ್ಲ, ಬಾರದಿರಲು ಈ ತೋಪುಗಳೂ ಒಂದು ಕಾರಣ. ಕೆಡಿಸಿದ್ದು ಹಿಂಬಾಗಿಲಿಗೆ ಬೇಕಾದ ವಿಮಾನ, ಟ್ಯಾಂಕು, ತಯಾರಿ ಇಲ್ಲದ್ದು. ಕೋಟೆಯಲ್ಲಿ ಯಾವುದಾದರೂ 6 ಇಂಚಿನ ತೋಪುಗಟ್ಟೆಯ ಹಿಂದೆ ನಿಂತು, ಮೊದಲು ಸಮುದ್ರದ ಕಡೆ, ಆಮೇಲೆ ಬೆನ್ನ ಹಿಂದಿನ ನಗರದ ಕಡೆ ನೋಡಿ. ಒಂದು ಕಡೆ ತೆರೆದ ನೀರು, ಇನ್ನೊಂದು ಕಡೆ ಮರ ಮತ್ತು ಗುಡ್ಡ. ವ್ಯತ್ಯಾಸ ಪುಸ್ತಕಕ್ಕಿಂತ ಬೇಗ ತಿಳಿಯುತ್ತದೆ.

8. ಶರಣಾಗತಿಯ ಕೋಣೆಗಳು

ಇದನ್ನು ಕೊನೆಗಿಡಿ. ಮೇಣದ ಗೊಂಬೆಗಳಲ್ಲಿ ಎರಡು ದೃಶ್ಯ: 1942ರ ಫೆಬ್ರವರಿ 15ರಂದು ಬ್ರಿಟಿಷ್ ಸೇನಾಪತಿ ಪರ್ಸಿವಲ್ ಜಪಾನಿನ ಸೇನಾಪತಿ ಯಮಶಿತನಿಗೆ ಶರಣಾದದ್ದು, 1945ರ ಸೆಪ್ಟೆಂಬರ್ 12ರಂದು ಜಪಾನೀಯರು ಮೌಂಟ್‌ಬ್ಯಾಟನ್ ಎದುರು ಶರಣಾದದ್ದು. ಎಚ್ಚರಿಕೆ: ಎರಡೂ ಇಲ್ಲಿ ನಡೆದದ್ದಲ್ಲ. ಮೊದಲನೆಯದು ಬುಕಿತ್ ತಿಮಾ ಬಳಿಯ ಫೋರ್ಡ್ ಕಾರ್ಖಾನೆಯಲ್ಲಿ, ಅದೀಗ ಮ್ಯೂಸಿಯಂ. ಎರಡನೆಯದು ಈಗ ನ್ಯಾಷನಲ್ ಗ್ಯಾಲರಿ ಆಗಿರುವ ಸಿಟಿ ಹಾಲ್ ಕಟ್ಟಡದಲ್ಲಿ. ಯಮಶಿತನ ಬಳಿ ಇದ್ದ ಸೈನ್ಯ ಪರ್ಸಿವಲ್‌ನದಕ್ಕಿಂತ ಎಷ್ಟೋ ಸಣ್ಣದು, ಮದ್ದುಗುಂಡೂ ಮುಗಿಯುತ್ತಾ ಬಂದಿತ್ತು. ಮೇಜು ಗುದ್ದಿ ಗೆದ್ದ.

ಶರಣಾದ ಮೇಲೆ ನಡೆದದ್ದು ಹೆಚ್ಚು ಕಹಿ. ಫೆಬ್ರವರಿ 18ರಿಂದ ಜಪಾನೀಯರು ಚೀನೀ ಗಂಡಸರನ್ನು ಹೆಕ್ಕಿ ಕೊಲ್ಲತೊಡಗಿದರು. ಸೂಕ್ ಚಿಂಗ್ ಎಂದು ಅದಕ್ಕೆ ಹೆಸರು. ಗುಂಡೇಟು ತಿಂದ ಸುಮಾರು 300 ಶವಗಳು ಈ ದ್ವೀಪದ ದಡಕ್ಕೆ ತೇಲಿಬಂದವು. ಸೆರೆಗೆ ಕಾಯುತ್ತಿದ್ದ ಬ್ರಿಟಿಷ್ ಗೋಲಂದಾಜರೇ ಅವನ್ನು ಹೂತರು. ಆ ನೆನಪಿನ ಫಲಕ ದ್ವೀಪದ ಇನ್ನೊಂದು ತುದಿಯ ಗಾಲ್ಫ್ ಮೈದಾನದ ಬಳಿ ಇದೆ. ರೆಸಾರ್ಟಿನ ಜಾಹೀರಾತುಗಳಲ್ಲಿ ಅದರ ಸುಳಿವಿಲ್ಲ. ಸೆಂಟೋಸಾಕ್ಕೆ ಇನ್ನೂ ಹತ್ತಿರದ ಕಾಲದ ಇನ್ನೊಂದು ನೆನಪೂ ಇದೆ. ವಿಚಾರಣೆಯಿಲ್ಲದೆ 23 ವರ್ಷ ಸೆರೆಯಲ್ಲಿದ್ದ ರಾಜಕಾರಣಿ ಚಿಯಾ ತೈ ಪೋ ಅವರನ್ನು 1989ರಲ್ಲಿ ಇದೇ ದ್ವೀಪದ ಕಾವಲುಮನೆಯೊಂದರಲ್ಲಿ ಇರಿಸಿದ್ದರು.

9. ಸಮಯ ಉಳಿದರೆ

ಲ್ಯಾಬ್ರಡಾರ್: ಬಾಗಿಲಿನ ಇನ್ನೊಂದು ಪಕ್ಕ. ಸರ್ಕಲ್ ಲೈನಿನ ಲ್ಯಾಬ್ರಡಾರ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಮರದ ಹಾಸುದಾರಿಯಲ್ಲಿ ನಡೆಯಿರಿ. ತೋಪುಗಟ್ಟೆಗಳು, ಮೆಷಿನ್‌ಗನ್ ಗೂಡು, ದಿಬ್ಬದ ಹಳೆಯ ಗೋಡೆಗಳು ಇವೆ. ಸುರಂಗಗಳು ಮುಚ್ಚಿವೆ. ಬೆಳಿಗ್ಗೆ ಸಿಲೊಸೊದಿಂದ ಇದನ್ನು ನೋಡಿದವರು ಸಂಜೆ ಇಲ್ಲಿಂದ ಸಿಲೊಸೊವನ್ನು ನೋಡಬೇಕು. ಇದು ಬಿಟ್ಟಿ, ಜನಸಂದಣಿಯೂ ಕಡಿಮೆ.

ಜೊಹೋರ್ ಬ್ಯಾಟರಿ: ಚಾಂಗಿ ಜೈಲಿನ ಬಳಿ, ಕಾಸ್‌ಫೋರ್ಡ್ ರಸ್ತೆಯಲ್ಲಿದೆ. 15 ಇಂಚಿನ ತೋಪಿನ ಮಾದರಿ ನಿಲ್ಲಿಸಿದ್ದಾರೆ, ಅಸಲಿ ತೋಪುಗಳನ್ನು ಬ್ರಿಟಿಷರೇ ಶರಣಾಗುವ ಮುನ್ನ ಹಾಳುಗೆಡವಿದರು. ಅದರ ಗುಂಡು ಸುಮಾರು 880 ಕಿಲೊ. ಸುರಂಗದೊಳಗೆ ಬಿಡುವುದಿಲ್ಲ. ದೂರದ ಜಾಗ, ತೋಪಿನ ಹುಚ್ಚು ಇರುವವರಿಗೆ ಮಾತ್ರ. ವಿಮಾನ ರಾತ್ರಿಯದಾದರೆ ಚಾಂಗಿ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಇಳಿದುಹೋಗಬಹುದು.

ಫಾರರ್ ಪಾರ್ಕ್: ಸಿಲೊಸೊ ಮುಗಿಸಿ ಹಸಿದವರು ಹಾರ್ಬರ್‌ಫ್ರಂಟ್‌ನಿಂದ ಅದೇ ನೇರಳೆ ಲೈನಿನಲ್ಲಿ ಲಿಟಲ್ ಇಂಡಿಯಾಕ್ಕೆ ಬನ್ನಿ. ಸೆರಂಗೂನ್ ರಸ್ತೆಯಲ್ಲಿ ದೋಸೆ, ಅನ್ನ-ಸಾರು ಸಿಗುತ್ತದೆ. ಮುಂದಿನ ನಿಲ್ದಾಣವೇ ಫಾರರ್ ಪಾರ್ಕ್. 1942ರ ಫೆಬ್ರವರಿ 17ರಂದು ಸೆರೆಸಿಕ್ಕ ಭಾರತೀಯ ಸೈನಿಕರನ್ನು, 40,000ಕ್ಕೂ ಹೆಚ್ಚು ಮಂದಿಯನ್ನು, ಬ್ರಿಟಿಷ್ ಅಧಿಕಾರಿಗಳಿಂದ ಬೇರ್ಪಡಿಸಿ ಇಲ್ಲಿನ ಬಯಲಲ್ಲಿ ಸೇರಿಸಿ ಜಪಾನೀಯರಿಗೆ ಒಪ್ಪಿಸಿದರು. ಆಜಾದ್ ಹಿಂದ್ ಫೌಜಿನ ಮೊದಲ ಕರೆ ಹೊರಟದ್ದು ಅಲ್ಲಿಂದ. ಮೈಸೂರು ಸಂಸ್ಥಾನದ ‘ಮೈಸೂರು ಇನ್‌ಫೆಂಟ್ರಿ’ಯ 1ನೇ ದಳವೂ ಆಗ ಸೆರೆಸಿಕ್ಕ ಸೇನೆಯಲ್ಲಿತ್ತು. ನಮ್ಮ ಶಾಲೆಯ ಪಠ್ಯಗಳಲ್ಲಿ ಇದಕ್ಕೆ ಒಂದು ಸಾಲೂ ಸಿಕ್ಕ ನೆನಪಿಲ್ಲ.

ಕ್ರಾಂಜಿ: ನಿಮ್ಮ ಮನೆಯಲ್ಲಿ ‘ಮುತ್ತಜ್ಜ ಸಿಂಗಪುರದ ಯುದ್ಧಕ್ಕೆ ಹೋದವನು ಬರಲಿಲ್ಲ’ ಎಂಬ ಮಾತಿದ್ದರೆ, ಉತ್ತರದ ಕ್ರಾಂಜಿ ಯುದ್ಧ ಸ್ಮಶಾನಕ್ಕೆ ಅರ್ಧ ದಿನ ಇಡಿ. ಅಲ್ಲಿನ ಸಿಂಗಪುರ ಸ್ಮಾರಕದ ಕಂಬಗಳ ಮೇಲೆ, ಸಮಾಧಿ ಸಿಗದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ, ಭಾರತೀಯರವೂ ಬಹಳ. ಹೆಸರುಗಳನ್ನು ದಳವಾರು ಕೆತ್ತಿದ್ದಾರೆ. ಬರಿಗೈಲಿ ಹೋದರೆ ಹುಡುಕಿ ಸುಸ್ತಾಗುತ್ತೀರಿ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಊರಲ್ಲಿರುವಾಗಲೇ ಹುಡುಕಿ, ಕಂಬದ ಸಂಖ್ಯೆ ಬರೆದುಕೊಳ್ಳಿ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬಗೆಬಗೆಯಾಗಿ ಬರೆದಿರುತ್ತಾರೆ, ಆದ್ದರಿಂದ ಮೂರ್ನಾಲ್ಕು ಕಾಗುಣಿತ ಹಾಕಿ ನೋಡಿ. ಅಲ್ಲೂ ಸಿಗದಿದ್ದರೆ ಹೆಸರು ಬಿಟ್ಟು ದಳದ ಹೆಸರಿನಿಂದ ಹುಡುಕಿ.